ಸತ್ತ ಕಲ್ಲು ಮತ್ತು ಯಾರದೂ ಅಲ್ಲದ ಅಂಗಳ

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಒಂದು ಸತ್ತ ಕಲ್ಲಿತ್ತು. ಹೈದರಾಬಾದಿನ ಹಳೆಯ ಹೆಣ್ಣುಮಕ್ಕಳ ಕಾಲೇಜು ಅದು. ಅಂಗಳಕ್ಕೆ ಸಿಮೆಂಟು ಬಳಿದಿರಲಿಲ್ಲ, ಈ ತುದಿಯಿಂದ ಆ ತುದಿಗೆ ಶಹಾಬಾದ್ ಫರಸಿ ಕಲ್ಲು ಹಾಸಿದ್ದರು. ಉತ್ತರದ ರಿಂಗಿನ ಎಡಕ್ಕೆ, ಗೋಡೆ ಕಡೆಯಿಂದ ನಾಲ್ಕನೆಯ ಸಾಲಿನಲ್ಲಿದ್ದ ಒಂದು ಕಲ್ಲಿನ ಮೇಲೆ ಚೆಂಡು ಬಿತ್ತೆಂದರೆ ಮೊಣಕಾಲಿನ ತನಕವೂ ಏಳುತ್ತಿರಲಿಲ್ಲ. ಎದುರಿನವಳು ಕೈಯನ್ನು ಸೊಂಟದ ಮಟ್ಟಕ್ಕೆ ಚಾಚಿಕೊಂಡು ಚೆಂಡು ಈಗ ಬಂದೀತು, ಆಗ ಬಂದೀತು ಎಂದು ಕಾಯುತ್ತಿದ್ದಳು. ಅಷ್ಟರಲ್ಲಿ ನಾನು ಬಗ್ಗಿ ಅದನ್ನು ಎತ್ತಿಕೊಂಡು ಅರ್ಧ ಅಂಗಳ ದಾಟಿರುತ್ತಿದ್ದೆ.

ಆ ಕಲ್ಲನ್ನು ಪತ್ತೆ ಮಾಡಿದವಳು ನಾನೇ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ, ನಮ್ಮ ಮನೆತನದ ಕಸುಬೇ ಅದು. ನಾವು ಕಲಬುರಗಿ ಕಡೆಯವರು. ಅಪ್ಪ ಹೈದರಾಬಾದಿಗೆ ಬಂದು ಲಿಂಗಂಪಲ್ಲಿ ಸ್ಟೇಷನ್ನಿನ ಆಚೆ ಫರಸಿ ಕಲ್ಲಿನ ವ್ಯಾಪಾರ ಮಾಡುತ್ತಿದ್ದರು. ಕಲ್ಲು ಹಾಸಿದ ಮೇಲೆ ಬರಿಗಾಲಿನಲ್ಲಿ ಹಿಮ್ಮಡಿ ಬಡಿಯುತ್ತ ನಡೆದು ಪರೀಕ್ಷೆ ಮಾಡುವುದನ್ನು ನಾನು ಫ್ರಾಕು ಹಾಕುತ್ತಿದ್ದಾಗಲೇ ಕಲಿತಿದ್ದೆ. ಕೆಳಗೆ ತುಂಬಿದ್ದರೆ ಹಿಮ್ಮಡಿಗೆ ‘ದಪ್’ ಎಂದು ಗಟ್ಟಿ ಸಪ್ಪಳ ಕೇಳುತ್ತದೆ. ಮಣ್ಣು ಕುಸಿದು ಟೊಳ್ಳಾಗಿದ್ದರೆ ‘ಡಬ್’ ಎನ್ನುತ್ತದೆ. ಕಾಲೇಜಿನ ಟೀಮಿಗೆ ಸೇರಿದ ಮೊದಲ ದಿನವೇ ಚಪ್ಪಲಿ ಬಿಟ್ಟು ಅಂಗಳ ಪೂರಾ ಹಿಮ್ಮಡಿ ಬಡಿದು ಬಂದೆ. ಉಳಿದ ಹುಡುಗಿಯರು ನನಗೇನೋ ಹರಕೆ ಇದೆ ಎಂದುಕೊಂಡರಂತೆ.

ಅದು ಊರಿಗೆ ಊರೇ ಕಂಪ್ಯೂಟರ್ ಕೋರ್ಸಿಗೆ ಓಡುತ್ತಿದ್ದ ಕಾಲ. ಊರಾಚೆ ಮಾದಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಹೊಸದಾಗಿ ಮನೆ ಕಟ್ಟುವ ಇಂಜಿನಿಯರುಗಳು ಅಪ್ಪನ ಹತ್ತಿರ ಬಂದು, ಒಳಗೆಲ್ಲ ಹೊಳೆಯುವ ಟೈಲ್ಸ್ ಹಾಕಿಸುತ್ತೇವೆ, ಗಾಡಿ ನಿಲ್ಲಿಸುವ ಜಾಗಕ್ಕಷ್ಟೇ ಫರಸಿ ಕೊಡಿ ಎನ್ನುತ್ತಿದ್ದರು. ಅಪ್ಪ ಕಲ್ಲು ಕೊಡುತ್ತಿದ್ದರು, ಅವರು ಹೋದ ಮೇಲೆ ನನ್ನ ಮುಂದೆ ಗೊಣಗುತ್ತಿದ್ದರು.

“ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲವ್ವಾ. ಒಂದು ಮಳಿಗಾಲ ಹೋಗ್ಲಿ, ಜಾರಿ ಬಿದ್ದು ಸೊಂಟ ಮುರಕೊಂಡು ಮತ್ತ ನನ್ನ ಹಂತೇಕ ಬರ್ತಾರ.”

ನಾನು ಟೀಮಿಗೆ ಬಂದ ಮೊದಲ ಎರಡು ವರ್ಷವೂ ಕಾಲೇಜುಗಳ ನಡುವಿನ ಪಂದ್ಯಾವಳಿಯ ಕಪ್ಪು ನಮ್ಮದೇ ಆಯಿತು. ಕಪ್ಪು ಯಾರ ಹತ್ತಿರ ಇದೆಯೋ ಮುಂದಿನ ಫೈನಲ್ ಅವರ ಅಂಗಳದಲ್ಲಿ ಎಂಬುದು ಆ ಪಂದ್ಯಾವಳಿಯ ಹಳೆಯ ಪದ್ಧತಿ. ನಾನು ಬರುವ ಮೊದಲೂ ಕಪ್ಪು ನಮ್ಮಲ್ಲೇ ಇದ್ದುದರಿಂದ ಎರಡು ಫೈನಲ್ಲುಗಳೂ ನಮ್ಮ ಫರಸಿಯ ಮೇಲೆಯೇ ನಡೆದವು. ಎರಡರಲ್ಲೂ ಸೋತದ್ದು ಸಿಕಂದರಾಬಾದ್ ಕಡೆಯ ಒಂದೇ ಕಾಲೇಜು. ಆ ಹುಡುಗಿಯರು ನಮಗೆ ‘ಪತ್ಥರ್ ಟೀಮ್’ ಎಂದು ಹೆಸರಿಟ್ಟರು, ಅಂದರೆ ಕಲ್ಲಿನ ಟೀಮು. ಗೆದ್ದದ್ದು ಇವರಲ್ಲ, ಇವರ ಕಲ್ಲು ಎಂದು ಎಲ್ಲ ಕಾಲೇಜುಗಳಲ್ಲೂ ಟಾಂ ಟಾಂ ಹೊಡೆದರು. ಸಾಲದ್ದಕ್ಕೆ ಫೈನಲ್ ಬೇರೆ ಕಡೆ ಇಡಿ ಎಂದು ಸಂಘಟಕರಿಗೆ ಅರ್ಜಿಯನ್ನೂ ಕೊಟ್ಟರು.

ಅರ್ಜಿಯ ಸುದ್ದಿ ತಂದವರು ನಮ್ಮ ಪಿಟಿ ಮೇಡಂ. ಬೀದರಿನವರು, ಕೊರಳಲ್ಲಿ ಯಾವಾಗಲೂ ಸೀಟಿ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. ಟೀಮಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ಉಳಿದವರೊಡನೆ ತೆಲುಗು, ಹಿಂದಿ ಮಾತಾಡಿ, ಬೈಯುವುದಿದ್ದರೆ ಮಾತ್ರ ನನ್ನ ಕಡೆ ತಿರುಗುತ್ತಿದ್ದರು.

“ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ,” ಎಂದು ನಕ್ಕರು ಮೇಡಂ. “ನೀ ಯಾಕ ಮಾರಿ ಉಬ್ಬಸ್ಕೊಂಡು ನಿಂತಿ?”

ನನಗೆ ಮೈ ಉರಿಯುತ್ತಿತ್ತು. ಉರಿಗೆ ಕಾರಣ ಅವರು ಸುಳ್ಳು ಹೇಳುತ್ತಿದ್ದಾರೆ ಎಂಬುದಲ್ಲ, ಅವರ ಮಾತಿನಲ್ಲಿ ಅಷ್ಟೋ ಇಷ್ಟೋ ನಿಜವಿದೆ ಎಂಬುದು. ಬೆಳಗಿನ ಲೋಕಲ್ ರೈಲು ಹಿಡಿದು ಬಂದು, ಬೆವರು ಸುರಿಸಿ, ಮೊಣಕಾಲು ಕೆತ್ತಿಸಿಕೊಂಡು ಕಲಿತ ಆಟ ನನ್ನದು. ಆ ಎರಡು ಫೈನಲ್ಲುಗಳಲ್ಲಿ ಸತ್ತ ಕಲ್ಲು ನನಗೆ ಕೊಟ್ಟದ್ದು ಎಲ್ಲ ಸೇರಿ ಐದಾರು ಚೆಂಡು ಇರಬಹುದು. ಆ ಐದಾರಿಲ್ಲದೆ ನಾವು ಗೆಲ್ಲುತ್ತಿದ್ದೆವೇ? ಗೆಲ್ಲುತ್ತಿದ್ದೆವು ಎಂದು ನಾನು ಹೇಳಿದರೆ ಯಾರು ನಂಬುತ್ತಾರೆ? ನನಗೇ ಪೂರ್ತಿ ನಂಬಿಕೆ ಇರಲಿಲ್ಲ. ಅದು ನನ್ನ ಕೊನೆಯ ವರ್ಷ, ಟೀಮಿಗೆ ನಾಯಕಿಯೂ ನಾನೇ. ಕಲ್ಲಿನ ಹಂಗಿಲ್ಲದೆ ಒಂದೇ ಒಂದು ಸಲ ಅವರನ್ನು ಸೋಲಿಸಬೇಕು ಎಂಬ ಹಟ ಹೊಟ್ಟೆಯಲ್ಲಿ ಕೂತಿತು.

ಆ ವರ್ಷವೂ ಫೈನಲ್ಲಿಗೆ ಬಂದದ್ದು ನಾವು ಮತ್ತು ಅವರೇ, ಸಂಘಟಕರು ಅವರ ಅರ್ಜಿಯನ್ನು ಒಪ್ಪಿದರು. ಈ ವರ್ಷದ ಫೈನಲ್ ಯಾರದೂ ಅಲ್ಲದ ಅಂಗಳದಲ್ಲಿ ಎಂದು ತೀರ್ಮಾನವಾಯಿತು. ಆದರೆ ಯಾರದೂ ಅಲ್ಲದ ಅಂಗಳ ಹುಡುಕುವುದು ವಧು ಹುಡುಕುವುದಕ್ಕಿಂತ ಕಷ್ಟದ ಕೆಲಸ. ಒಂದು ಮೈದಾನ ಅವರಿಗೆ ಹತ್ತಿರ, ಇನ್ನೊಂದು ನಮಗೆ ಹತ್ತಿರ. ಮತ್ತೊಂದರಲ್ಲಿ ಸಂಜೆ ಬಿಸಿಲು ಒಂದೇ ಕಡೆಯವರ ಕಣ್ಣಿಗೆ ಹೊಡೆಯುತ್ತದೆ. ಮೇಡಂ ಒಂದು ದಿನ ಸಿಟಿ ಬಸ್ಸಿನಲ್ಲಿ ಕೂತು ಎರಡೂ ಕಾಲೇಜಿನಿಂದ ಎಷ್ಟು ಸಿಗ್ನಲ್ ಬರುತ್ತವೆ ಎಂದು ಎಣಿಸಿಕೊಂಡೂ ಬಂದರು. ಕಡೆಗೆ ಗೊತ್ತುಮಾಡಿದ್ದು ಮಾದಾಪುರದ ಒಂದು ಕಂಪನಿಯ ಹೊಸ ಒಳಾಂಗಣ. ಮರದ ನೆಲ, ಮೇಲೆ ಸಾಲು ಸಾಲು ದೀಪ, ಕೂರಲು ಮೆತ್ತನೆಯ ಕುರ್ಚಿ. ಎರಡೂ ಟೀಮಿನ ಯಾರೂ ಜನ್ಮದಲ್ಲಿ ಮರದ ನೆಲದ ಮೇಲೆ ಆಡಿದವರಲ್ಲ. ಇದಕ್ಕಿಂತ ನ್ಯಾಯ ಇನ್ನೇನು ಬೇಕು ಎಂದು ಎಲ್ಲರೂ ತಲೆಯಾಡಿಸಿದರು. ಆಮೇಲೆ ತಿಳಿದದ್ದೇನೆಂದರೆ ಆ ಜಾಗ ಕೊಡಿಸಿದವನು ಎದುರು ಟೀಮಿನ ನಾಯಕಿಯ ಅಣ್ಣ. ಅದೇ ಕಂಪನಿಯಲ್ಲಿ ಅವನ ನೌಕರಿ. ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಅವನ ಗೆಳೆಯರೆಲ್ಲ ತಂಗಿಯ ಟೀಮಿಗೆ ಚಪ್ಪಾಳೆ ಹೊಡೆಯಲು ಬರುವವರಿದ್ದರು.

“ನೆಲ ಯಾರದೂ ಅಲ್ಲ, ಚಪ್ಪಾಳಿ ಮಾತ್ರ ಅವರದು,” ಎಂದರು ಮೇಡಂ. “ಇರ್ಲಿ ಬಿಡು. ಚಪ್ಪಾಳಿ ಬಂದು ಗೋಲ್ ಹಾಕಂಗಿಲ್ಲ.”

ಪಂದ್ಯದ ಹಿಂದಿನ ದಿನ ಎರಡೂ ಟೀಮಿಗೆ ಅರ್ಧರ್ಧ ಗಂಟೆ ಅಭ್ಯಾಸಕ್ಕೆ ಬಿಟ್ಟರು. ನಮ್ಮ ಹುಡುಗಿಯರು ಆ ಹೊಳಪು ನೋಡಿ ನೆಲದಲ್ಲಿ ಮುಖ ನೋಡಿಕೊಳ್ಳತೊಡಗಿದರು. ನಾನು ರೂಢಿಯಂತೆ ಬೂಟು ಬಿಚ್ಚಿ ಹಿಮ್ಮಡಿ ಬಡಿಯುತ್ತ ಹೊರಟೆ. ಮರದ ನೆಲದ ಸಪ್ಪಳವೇ ಬೇರೆ, ಮೊದಮೊದಲು ತಿಳಿಯಲಿಲ್ಲ. ಒಂದು ಸುತ್ತು ಬಂದ ಮೇಲೆ ಕಿವಿ ಹೊಂದಿಕೊಂಡಿತು. ಎರಡನೆಯ ಸುತ್ತಿನಲ್ಲಿ, ಬಾಗಿಲ ಕಡೆಯ ರಿಂಗಿನ ಎಡಕ್ಕೆ, ಹಿಮ್ಮಡಿಯ ಕೆಳಗೆ ಸಪ್ಪಳ ಒಮ್ಮೆಲೇ ಸತ್ತುಹೋಯಿತು. ಮತ್ತೆ ಬಡಿದೆ. ಮತ್ತೆ ಅದೇ. ಚೆಂಡು ತಂದು ಅಲ್ಲಿ ಬಿಟ್ಟೆ, ಅದು ಮೊಣಕಾಲಿನ ಕೆಳಗೇ ನಿಂತಿತು. ಹೊಸ ಕಟ್ಟಡ, ಅವಸರದ ಕೆಲಸ. ಹಲಗೆಯ ಕೆಳಗೆ ಆಸರೆ ಕೊಡುವುದನ್ನು ಯಾರೋ ಮರೆತಿದ್ದರು. ಅಗಲ ಎಂದರೆ ಎರಡು ಗೇಣು, ಅಷ್ಟೇ.

ನಿಜ ಹೇಳುತ್ತೇನೆ, ಮೊದಲು ನನಗೆ ಕುಣಿಯುವಷ್ಟು ಖುಷಿಯಾಯಿತು. ತವರಿನ ಕಲ್ಲು ನನ್ನನ್ನು ಹುಡುಕಿಕೊಂಡು ಮಾದಾಪುರಕ್ಕೇ ಬಂದಿದೆ ಎನ್ನಿಸಿತು. ಬೂಟು ಹಾಕಿಕೊಳ್ಳುವಷ್ಟರಲ್ಲಿ ಖುಷಿ ಇಳಿದುಹೋಯಿತು. ಇದರಿಂದ ಗೆದ್ದರೆ ಮತ್ತೆ ನಾನು ಪತ್ಥರ್ ಟೀಮೇ. ಬೇರೆ ಯಾರಿಗೂ ಗೊತ್ತಾಗದಿದ್ದರೂ ನನಗೆ ಗೊತ್ತಿರುತ್ತದೆ. ಯಾರಿಗೂ ಹೇಳದೆ ಮನೆಗೆ ಬಂದೆ.

ಸಂಜೆ ಅಪ್ಪ ಗಿರಾಕಿಯೊಬ್ಬರಿಗೆ ಕಲ್ಲು ತೋರಿಸುತ್ತಿದ್ದರು. ಅಪ್ಪನದೊಂದು ಪದ್ಧತಿ ಇತ್ತು. ಕಲ್ಲಿನಲ್ಲಿ ಕೂದಲೆಳೆಯಷ್ಟು ಒಡಕು ಕಂಡರೂ ಅದರ ಮೇಲೆ ಕೆಮ್ಮಣ್ಣಿನ ಗಟ್ಟಿಯಿಂದ ಗೀಟು ಎಳೆದು, ಗೀಟು ಗಿರಾಕಿಯ ಕಡೆಗೆ ಕಾಣುವಂತೆ ನಿಲ್ಲಿಸುವುದು. ಅದಕ್ಕಾಗಿ ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಮ್ಮಣ್ಣಿನ ತುಂಡು ಇರುತ್ತಿತ್ತು. ಜೇಬು ಕೆಂಪಾಗುತ್ತದೆಂದು ಅವ್ವ ದಿನಾ ಬೈಯುತ್ತಿದ್ದಳು. ಗಿರಾಕಿ ಹೋದ ಮೇಲೆ ಅಪ್ಪನಿಗೆ ಎಲ್ಲ ಹೇಳಿದೆ.

“ಅಪ್ಪಾ, ಇದನ್ನ ಅವರಿಗೆ ಹೇಳಬೇಕೇನ್ರಿ?”

“ಗೀಟು ಎಳೀದೇ ನಾ ಎಂದಾರ ಕಲ್ಲು ಮಾರೀನೇನು?”

“ನಾ ಏನು ಮಾರಾಕತ್ತಿಲ್ಲಲ್ರಿ. ಆಟ ಆಡಾಕ ಹೊಂಟೀನಿ.”

“ಹಂಗಾರ ನನ್ನ ಯಾಕ ಕೇಳ್ತಿ?” ಎಂದು ಅಪ್ಪ ನಕ್ಕರು. ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದರು. “ನಿಮ್ಮ ಕಾಲೇಜಿನ ಅಂಗಳದಾಗೂ ಒಂದು ಟೊಳ್ಳ ಕಲ್ಲೈತಿ ಅಂದಿದ್ಯಲ್ಲಾ. ಅದನ್ನ ಅವರಿಗೆ ಹೇಳೀಯೇನು?”

“ಅದು ನಮ್ಮ ಮನಿ ಅಂಗಳ ಇದ್ದಂಗ್ರಿ.”

“ಮನ್ಯಾಗಿನ ಒಡಕು ಒಡಕಲ್ಲೇನವ್ವಾ?”

ಸಿಟ್ಟಿನಿಂದ ಎದ್ದು ಒಳಗೆ ಹೋಗಿ ನಾಲ್ಕು ಜೋಳದ ರೊಟ್ಟಿ ತಿಂದೆ.

ಮರುದಿನ ಆಟ ಶುರುವಾಗುವ ಮೊದಲು ಎದುರು ಟೀಮಿನ ನಾಯಕಿಯನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಹೇಳಿದೆ. ಬಾಗಿಲ ಕಡೆಯ ರಿಂಗಿನ ಎಡಕ್ಕೆ ಚೆಂಡು ಏಳುವುದಿಲ್ಲ, ನೋಡಿಕೋ ಎಂದೆ. ಎತ್ತರದ ಹುಡುಗಿ ಅವಳು, ಹುಬ್ಬೂ ಎತ್ತರ. ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

“ಕಾಯ್ಕು ಬೋಲ್ರಿ ಮೇರೆಕು?” ಎಂದಳು. ನನಗ್ಯಾಕೆ ಹೇಳುತ್ತಿದ್ದೀಯ ಎಂಬ ಆ ಮಾತಿನಲ್ಲಿ ಪೊಲೀಸರ ಧಾಟಿ ಇತ್ತು. ಹೋಗಿ ತನ್ನ ಟೀಮಿನವರ ಕಿವಿಯಲ್ಲಿ ಏನೋ ಊದಿದಳು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು.

ಮೊದಲರ್ಧದಲ್ಲಿ ಅವರ ಗುರಿ ಆ ಬಾಗಿಲ ಕಡೆಯ ರಿಂಗೇ. ಆಟ ಶುರುವಾಯಿತು, ನನಗೆ ಆಶ್ಚರ್ಯ. ಅವರು ಎಡಗಡೆ ಕಾಲೇ ಇಡಲೊಲ್ಲರು. ಎರಡು ಗೇಣು ಜಾಗ ಬಿಡಿ ಎಂದರೆ ಅರ್ಧಕ್ಕರ್ಧ ಅಂಗಳವನ್ನೇ ಬಿಟ್ಟಿದ್ದರು. ನಾನೇನೋ ಹೂಟ ಹೂಡಿದ್ದೇನೆ, ಎಡಕ್ಕೆ ಹೋದರೆ ಕೆಟ್ಟೆವು ಎಂದು ಅವಳು ಹೇಳಿರಬೇಕು. ಐದೂ ಜನ ಬಲಗಡೆಯಿಂದಲೇ ಬರುತ್ತಿದ್ದರು, ನಮ್ಮವರು ಅಲ್ಲೇ ಗೋಡೆ ಕಟ್ಟಿ ನಿಲ್ಲುತ್ತಿದ್ದರು. ಅರ್ಧ ಆಟ ಮುಗಿದಾಗ ನಾವು ಎಂಟು ಪಾಯಿಂಟು ಮುಂದಿದ್ದೆವು. ಐಡಿ ಕಾರ್ಡಿನವರ ಚಪ್ಪಾಳೆ ತಣ್ಣಗಾಗಿತ್ತು.

“ಅವರೆಲ್ಲಾ ಒಂದ ಕಡೀಂದ ಯಾಕ ಬರಾಕತ್ತಾರ?” ಎಂದು ಮೇಡಂ ಬಿಸ್ಕತ್ತು ಅಗಿಯುತ್ತ ಕೇಳಿದರು.

ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಮೇಡಂ ಅಗಿಯುವುದನ್ನು ನಿಲ್ಲಿಸಿದರು.

“ನೀ ಖರೇ ಹೇಳಿ ಮೋಸ ಮಾಡಿದಾಕಿ ನೋಡು,” ಎಂದರು. “ಇಂಥಾ ಮೋಸ ನಾ ಎಲ್ಲೂ ಕಂಡಿಲ್ಲ.”

ಅವರು ತಮಾಷೆಗೆ ಅಂದದ್ದು. ನನಗೆ ಮಾತ್ರ ಅದು ನಾಟಿತು. ಟೊಳ್ಳು ಜಾಗ ಇದ್ದಲ್ಲೇ ಇತ್ತು, ಅವರಿಗಿದ್ದ ಅದರ ಹೆದರಿಕೆಯಿಂದ ನಾನು ಗೆಲ್ಲುತ್ತಿದ್ದೆ. ಎರಡನೆಯ ಅರ್ಧದಲ್ಲಿ ರಿಂಗು ಅದಲುಬದಲಾಗಿ, ಈಗ ಆ ರಿಂಗಿಗೆ ನಾವು ಗೋಲು ಹಾಕಬೇಕಿತ್ತು, ಅವರು ಕಾಯಬೇಕಿತ್ತು. ಅವರು ಹೀಗೇ ಹೆದರಿ ಎಡಗಡೆ ಬಿಟ್ಟುಕೊಟ್ಟರೆ ನಮಗೆ ಹೆದ್ದಾರಿ. ಗೆಲುವು ಕೈಯಲ್ಲೇ ಇತ್ತು. ಆದರೆ ಅದು ನನಗೆ ಬೇಕಾಗಿದ್ದ ಗೆಲುವಾಗಿರಲಿಲ್ಲ, ಅದೇ ನನ್ನ ಸಂಕಟ.

ಅಪ್ಪ ಅವತ್ತು ಮೊದಲ ಸಲ ನನ್ನ ಆಟ ನೋಡಲು ಬಂದು, ಮೆತ್ತನೆಯ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ಅವರ ಮುಂದೆ ಹೋಗಿ ಕೈ ಚಾಚಿದೆ. ಏನು ಬೇಕೆಂದು ಅವರು ಕೇಳಲಿಲ್ಲ. ಜೇಬಿನಿಂದ ಕೆಮ್ಮಣ್ಣಿನ ತುಂಡು ತೆಗೆದುಕೊಟ್ಟರು.

ಆ ನಾಯಕಿಯನ್ನು ಕೈ ಹಿಡಿದು ಎಳೆದುಕೊಂಡು ಬಂದು ಜಾಗದ ಮುಂದೆ ನಿಲ್ಲಿಸಿದೆ. ಚೆಂಡನ್ನು ಪಕ್ಕದಲ್ಲಿ ಬಿಟ್ಟೆ, ಎದ್ದಿತು. ಅಲ್ಲಿ ಬಿಟ್ಟೆ, ಏಳಲಿಲ್ಲ. ಆಮೇಲೆ ಮಂಡಿಯೂರಿ ಆ ಎರಡು ಗೇಣಿನ ಸುತ್ತ ಕೆಂಪು ಗೀಟು ಎಳೆದೆ. ಅವಳ ಹುಬ್ಬು ಮೊದಲ ಸಲ ಇಳಿಯಿತು. ತಾನೇ ಬಗ್ಗಿ ಬೆರಳ ಗೆಣ್ಣಿನಿಂದ ನೆಲ ಬಡಿದು ಕೇಳಿದಳು. ಅಷ್ಟರಲ್ಲಿ ಆ ಕಟ್ಟಡದ ಸೂಪರ್‌ವೈಸರ್ ಹೊಸ ನೆಲಕ್ಕೆ ಮಣ್ಣು ಬಳಿಯುತ್ತಿದ್ದಾಳೆಂದು ಬೊಬ್ಬೆ ಹೊಡೆಯುತ್ತ ಓಡಿಬಂದ. ಅವನ ಹಿಂದೆ ರೆಫರಿ. ಇದು ಯಾವ ನಿಯಮದಲ್ಲಿದೆ ಎಂದು ರೆಫರಿ ಕೇಳಿದರು. ನಿಮ್ಮ ನಿಯಮದಲ್ಲಿ ಇಲ್ಲ ಸಾರ್, ನಮ್ಮ ಅಂಗಡಿಯ ನಿಯಮದಲ್ಲಿದೆ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಎರಡೂ ಟೀಮಿನವರಿಗೆ ಕಾಣುತ್ತದಲ್ಲ, ಇರಲಿ ಬಿಡಿ ಎಂದು ಸೀಟಿ ಊದಿದರು.

ಹೆದರಿಕೆ ಹೋದ ಮೇಲೆ ಆ ಹುಡುಗಿಯರು ಆಡಿದರು ನೋಡಿ, ಅಬ್ಬಾ. ಕಾಯುವಾಗ ಎಡಗಡೆಯನ್ನೂ ಬಿಟ್ಟುಕೊಡಲಿಲ್ಲ, ಆ ಕಡೆಯ ರಿಂಗಿಗೆ ಎಡ, ಬಲ, ನಡು ಎನ್ನದೆ ನುಗ್ಗಿ ಬಂದರು. ಎಂಟು ಪಾಯಿಂಟಿನ ಅಂತರ ನಾಲ್ಕಾಯಿತು, ಎರಡಾಯಿತು. ನಾವೂ ಬಿಡಲಿಲ್ಲ. ಕಡೆಯ ನಿಮಿಷದಲ್ಲಿ ನಾವು ಒಂದೇ ಪಾಯಿಂಟು ಮುಂದೆ, ಚೆಂಡು ನನ್ನ ಕೈಯಲ್ಲಿ. ಹಿಡಿದುಕೊಂಡು ಹೊತ್ತು ಕಳೆದಿದ್ದರೆ ಸಾಕಿತ್ತು. ಮೇಡಂ ಕೂಡ ಸುಮ್ಮನಿರು, ಸುಮ್ಮನಿರು ಎಂದು ಕೈ ಮಾಡುತ್ತಿದ್ದರಂತೆ. ನನ್ನ ಜಾಯಮಾನವೇ ಸುಮ್ಮನಿರುವುದಲ್ಲ. ಇನ್ನೊಂದು ಗೋಲು ಹಾಕಿಯೇ ಮುಗಿಸುತ್ತೇನೆ ಎಂದು ರಿಂಗನ್ನೇ ನೋಡುತ್ತ ಓಡಿದೆ. ನಾಯಕಿ ಅಡ್ಡ ಬಂದಳು. ಅವಳನ್ನು ತಪ್ಪಿಸಲು ಎಡಕ್ಕೆ ಹೊರಳಿ ಚೆಂಡನ್ನು ನೆಲಕ್ಕೆ ಬಡಿದೆ.

ಚೆಂಡು ಮೇಲೆ ಬರಲಿಲ್ಲ. ನನ್ನ ಕೈ ಸೊಂಟದ ಮಟ್ಟದಲ್ಲಿ ಗಾಳಿಯನ್ನು ಹಿಡಿದುಕೊಂಡು ನಿಂತಿತ್ತು. ಎರಡು ವರ್ಷ ಬೇರೆಯವರನ್ನು ಹಾಗೆ ನಿಲ್ಲಿಸಿದ್ದೆ, ಅವತ್ತು ನಾನೇ ಹಾಗೆ ನಿಂತೆ. ಕೆಳಗೆ ನೋಡಿದರೆ ನಾನೇ ಎಳೆದ ಕೆಂಪು ಗೀಟು. ಅವಳು ಬಗ್ಗಿ ಚೆಂಡೆತ್ತಿಕೊಂಡು ಆ ಕಡೆಯ ರಿಂಗಿಗೆ ಓಡಿ ಹಾಕಿದಳು. ಸೀಟಿ ಕೂಗಿತು. ಒಂದು ಪಾಯಿಂಟಿನಿಂದ ಸೋತೆವು.

ಆ ಗದ್ದಲದಲ್ಲೂ ಒಂದು ದನಿ ನನಗೆ ಸ್ಪಷ್ಟವಾಗಿ ಕೇಳಿತು. ಅಪ್ಪ ಪಕ್ಕದ ಕುರ್ಚಿಯವನಿಗೆ ಕನ್ನಡದಲ್ಲೇ ಹೇಳುತ್ತಿದ್ದರು, ಪಾಪ ಅವನಿಗೆ ಒಂದಕ್ಷರ ತಿಳಿದಿರಲಿಕ್ಕಿಲ್ಲ.

“ಸಪ್ಪಳ ಕೇಳಿದ್ರಿಲ್ಲೋ? ಪೂರಾ ಟೊಳ್ಳು. ನಮ್ಮ ಫರಸಿ ಹಾಕಿಸಿದ್ದರ ಹಿಂಗ ಆಕ್ಕಿತ್ತೇನು?”

ಮಗಳು ಕಪ್ಪು ಕಳೆದುಕೊಂಡದ್ದಕ್ಕಿಂತ ಹಲಗೆ ಜೋಡಿಸಿದವನ ಮೇಲೆ ಅವರಿಗೆ ಹೆಚ್ಚು ಸಿಟ್ಟಿತ್ತು. ನಾನು ಮೂಲೆಯಲ್ಲಿ ಕೂತು ಅಳುತ್ತಿದ್ದೆ. ಮೇಡಂ ಬಂದು ಪಕ್ಕದಲ್ಲಿ ಕೂತು, ತಮ್ಮ ಅರ್ಧ ಬಿಸ್ಕತ್ತು ನನ್ನ ಕೈಗಿಟ್ಟರು.

“ಕುಣಿಯಾಕ ಬರೂವಾಕಿಗೂ ಒಮ್ಮೊಮ್ಮೆ ನೆಲ ಡೊಂಕ ಇರತೈತಿ ಬಿಡು,” ಎಂದರು. ಅಳುತ್ತಲೇ ನಗು ಬಂತು.

ಅಷ್ಟರಲ್ಲಿ ಆ ನಾಯಕಿ ಕಪ್ಪು ಹಿಡಿದುಕೊಂಡು ನಮ್ಮ ಕಡೆಗೇ ಬಂದಳು. ಕುಣಿಯಲು ಬಂದಳೇನೋ ಎಂದುಕೊಂಡೆ. ಅವಳು ಕಪ್ಪನ್ನು ನೆಲದ ಮೇಲಿಟ್ಟು, ಇದು ಆ ಹಲಗೆ ಕೊಟ್ಟದ್ದು, ನನಗೆ ಸಮಾಧಾನವಿಲ್ಲ, ಇನ್ನೊಮ್ಮೆ ಆಡೋಣ ಎಂದಳು. ಎಲ್ಲಿ ಎಂದೆ. ನಿಮ್ಮ ಕಲ್ಲಿನ ಮೇಲೆಯೇ, ಭಾನುವಾರ, ಆದರೆ ನಿಮ್ಮ ಕಲ್ಲು ಯಾವುದು ಎಂದು ಮೊದಲು ತೋರಿಸಬೇಕು ಎಂದಳು. ನಮ್ಮ ಹುಡುಗಿಯರು ತವರಿನ ಒಡವೆ ಹೋದಂತೆ ಮುಖ ಮಾಡಿದರು. ಆಗಲಿ ಎಂದೆ.

ಶನಿವಾರ ಅಪ್ಪ ಇಬ್ಬರು ಕೆಲಸಗಾರರನ್ನು ಕರೆದುಕೊಂಡು ಕಾಲೇಜಿಗೆ ಬಂದರು. ಕರೆಸಿದವಳು ನಾನೇ, ಮೇಡಂ ಪ್ರಾಂಶುಪಾಲರ ಒಪ್ಪಿಗೆ ತಂದಿದ್ದರು. ಒಪ್ಪಿಗೆ ತಂದವರೇ ಕಲ್ಲು ಎಬ್ಬಿಸುವಾಗ ನಾ ರಿಟೈರ್ ಆಗೋ ತನಕ ಆದರೂ ಇರಲಿ ಬಿಡ್ರಿ ಎಂದು ನಾಲ್ಕು ಸಲ ಅಂದರು. ಹಾರೆ ಹಾಕಿ ಎತ್ತಿದಾಗ ಕಲ್ಲಿಗೆ ಒಂದು ಗೆರೆ ಒಡಕೂ ಇರಲಿಲ್ಲ. ಕೆಳಗೆ ಇಲಿ ಬಿಲ ತೋಡಿತ್ತು, ಅಷ್ಟೇ. ಬಿಲಕ್ಕೆ ಜಲ್ಲಿ ತುಂಬಿ, ಮರಳು ಹಾಸಿ, ಅದೇ ಕಲ್ಲನ್ನು ಅದೇ ಜಾಗದಲ್ಲಿ ಕೂಡಿಸಿದರು. ಅಪ್ಪ ಹಿಮ್ಮಡಿ ಬಡಿದರು. ದಪ್ ಎಂದಿತು.

ಭಾನುವಾರ ಬೆಳಿಗ್ಗೆ ಆ ನಾಯಕಿ ಟೀಮು ಕಟ್ಟಿಕೊಂಡು ಬಂದು, ಎಲ್ಲಿ ತೋರಿಸು ಎಂದಳು. ನಾಲ್ಕನೆಯ ಸಾಲಿನ ಕಲ್ಲು ತೋರಿಸಿದೆ. ಚೆಂಡು ಬಿಟ್ಟಳು, ಸೊಂಟದ ತನಕ ಎದ್ದು ಬಂತು. ಇನ್ನೊಮ್ಮೆ ಬಿಟ್ಟಳು. ಅವಳ ಹುಬ್ಬು ಮತ್ತೆ ಮೇಲೇರಿತು. ಇದಲ್ಲ, ಬೇರೆ ಯಾವುದನ್ನೋ ಮುಚ್ಚಿಡುತ್ತಿದ್ದೀಯ ಎಂದು ಜಗಳಕ್ಕೇ ನಿಂತಳು. ನಿನ್ನೆ ಸರಿಮಾಡಿಸಿದೆವು ಎಂದು ಎಷ್ಟು ಹೇಳಿದರೂ ಕೇಳಲೊಲ್ಲಳು. ಈ ಹುಡುಗಿಗೆ ನಿಜ ಹೇಳಿ ದಕ್ಕಿಸಿಕೊಳ್ಳುವುದು ನನ್ನ ಹಣೆಯಲ್ಲಿ ಬರೆದಿಲ್ಲ ಎನ್ನಿಸಿತು. ಕಡೆಗೆ ನಾನೇ ಹೇಳಿದೆ, ಬೂಟು ಬಿಚ್ಚು, ನನ್ನ ಹಿಂದೆ ಬಾ ಎಂದು. ಹಿಮ್ಮಡಿ ಬಡಿಯುವುದನ್ನು ಕಲಿಸಿದೆ. ಅವಳ ಹಿಂದೆ ಅವಳ ಟೀಮು, ಅವರ ಹಿಂದೆ ನಮ್ಮ ಟೀಮು. ಹತ್ತಾರು ಹುಡುಗಿಯರು ಬರಿಗಾಲಲ್ಲಿ ದಪ್ ದಪ್ ಎನ್ನುತ್ತ ಒಂದೊಂದು ಕಲ್ಲನ್ನೂ ಕೇಳಿಕೊಂಡು ಅಂಗಳ ಸುತ್ತಿದೆವು. ಎಲ್ಲೂ ಟೊಳ್ಳಿರಲಿಲ್ಲ.

ಆಮೇಲೆ ಆಡಿದೆವು. ಕಪ್ಪಿಲ್ಲ, ಐಡಿ ಕಾರ್ಡಿನವರಿಲ್ಲ, ಮೇಡಂ ಅವರ ಸೀಟಿಯೊಂದೇ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ನಾನು ಆಡಿದ್ದಿಲ್ಲ. ಏಳು ಪಾಯಿಂಟಿನಿಂದ ಗೆದ್ದೆವು. ಆ ನಾಯಕಿ ಬೆವರು ಒರೆಸಿಕೊಳ್ಳುತ್ತ ಬಂದು, ಬರಿಗಾಲಿನಿಂದ ನಾಲ್ಕನೆಯ ಸಾಲಿನ ಕಲ್ಲನ್ನು ಇನ್ನೊಮ್ಮೆ ಬಡಿದು ನೋಡಿದಳು.

“ಪತ್ಥರ್ ನೈ,” ಎಂದಳು. “ತುಮೀಚ್ ಜೀತೆ.”

ಕಲ್ಲಲ್ಲ, ನೀವೇ ಗೆದ್ದದ್ದು. ಮೂರು ವರ್ಷ ನಾನು ಆಡಿದ್ದು ಆ ಮಾತು ಕೇಳುವುದಕ್ಕೇ. ಅವಳ ಕೈ ಹಿಡಿದುಕೊಂಡು ಆ ಕಲ್ಲಿನ ಮೇಲೆಯೇ ಕೂತುಬಿಟ್ಟೆ, ಅವಳೂ ಕೂತಳು.